ದೇವನಹಳ್ಳಿಯ ಟಿಪ್ಪು ಸುಲ್ತಾನ್: ಅರಬ್ಬಿ ವಿದ್ಯೆ ಮತ್ತು ಗ್ರಂಥಭಂಡಾರದ ಚರಿತ್ರೆ

ಪೀಠಿಕೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ದೇವನಹಳ್ಳಿಯು ಟಿಪ್ಪು ಸುಲ್ತಾನರ ಜನ್ಮಸ್ಥಳವಾಗಿರುತ್ತದೆ. 1782ರಿಂದ 1799ರವರೆಗೆ ಮೈಸೂರು ರಾಜ್ಯವನ್ನು ಆಳಿದ ಇವರ ಯುದ್ಧಗಳ ಬಗ್ಗೆ ಹಲವು ಗ್ರಂಥಗಳು ರಚಿತವಾಗಿವೆ. ಆದರೆ ಇವರು ಪಡೆದ ವಿದ್ಯಾಭ್ಯಾಸ, ಶ್ರೀರಂಗಪಟ್ಟಣದಲ್ಲಿ ಸೇರಿದ್ದ ಇವರ ಗ್ರಂಥಭಂಡಾರ ಹಾಗೂ ಆ ಗ್ರಂಥಗಳು ನಾಡನ್ನು ಬಿಟ್ಟುಹೋದ ಬಗೆ ಸಾರ್ವಜನಿಕರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಅರಬ್ಬಿಯು ಯಾರ ಮನೆಮಾತೂ ಅಲ್ಲದ ನಾಡಿನಲ್ಲಿ ಇಸ್ಲಾಮಿ ಶಿಕ್ಷಣವು ಹೇಗೆ ನಡೆಯಿತು, ಅದರ ತೊಡಕುಗಳೇನು, ಅದರ ಸಂಶೋಧನೆಗೆ ಇಂದು ಆಧಾರಗಳು ಎಲ್ಲಿವೆ ಎಂಬುದನ್ನು ಅರಿಯಲು ಇವರ ಜೀವನಚರಿತ್ರೆಯು ಸಹಕಾರಿಯಾಗಿದೆ.

ಜಿಲ್ಲೆಯ ಹಿನ್ನೆಲೆ

1687ರಲ್ಲಿ ಮೊಗಲರು ಸಿರಾ ಸುಬೆಯನ್ನು ಸ್ಥಾಪಿಸಿದಾಗ ಅದಕ್ಕೆ ಸೇರಿದ ಏಳು ಪರಗಣಗಳಲ್ಲಿ ದೊಡ್ಡಬಳ್ಳಾಪುರ ಮತ್ತು ಹೊಸಕೋಟೆಗಳೂ ಇದ್ದವು. ಸುಬೆಯ ಆಡಳಿತದ ಭಾಷೆ ಪಾರಸಿಯಾಗಿದ್ದು, ಆ ಪಾರಸಿಯಲ್ಲಿ ಅರಬ್ಬಿ ಪದಗಳು ಹೇರಳವಾಗಿದ್ದವು. ಬಿಜಾಪುರದ ಆದಿಲಶಾಹಿ ಕಾಲದಿಂದಲೂ ಇಂತಹ ಪದಗಳು ಕನ್ನಡಕ್ಕೆ ಬರುತ್ತಿದ್ದವು. ಇಂದು ಸರ್ಕಾರಿ ಕಚೇರಿಗೆ ಬರುವ ನಾಗರಿಕರು ದಿನನಿತ್ಯ ಬಳಸುವ ಅರ್ಜಿ, ದಾಖಲೆ, ಮಂಜೂರು, ನಕಲು, ವಾರಸು, ಇಲಾಖೆ, ಜಿಲ್ಲೆ, ತಾಲ್ಲೂಕು ಮುಂತಾದ ಪದಗಳ ಮೂಲವು ಅರಬ್ಬಿಯೇ ಆಗಿದೆ. ಹೀಗೆ ಅರಬ್ಬಿಯ ಪದಗಳು ಜನರ ಬಾಯಲ್ಲಿ ನೆಲೆಸಿದವು. ಅರಬ್ಬಿ ಭಾಷೆ ಮಾತ್ರ ವಿದ್ವಾಂಸರಲ್ಲಿ ಉಳಿಯಿತು.

ಮನೆತನ

ಟಿಪ್ಪು ಸುಲ್ತಾನರ ಪೂರ್ವಜರು ಗುಲ್ಬರ್ಗಾದ ಬಂದೇನವಾಜ್ ದರ್ಗಾದೊಡನೆ ಸಂಬಂಧ ಹೊಂದಿದ್ದವರೆಂದು ಮನೆತನದ ಚರಿತ್ರೆಗಳಲ್ಲಿ ಹೇಳಲಾಗಿದೆ. ಅಜ್ಜ ಫತೇ ಮಹಮದ್ ಅವರು ಸೈನಿಕ ವೃತ್ತಿಯನ್ನು ಅವಲಂಬಿಸಿ ಸಿರಾ ಸುಬೇದಾರರ ಸೇವೆಯಲ್ಲಿದ್ದರು. ಅವರ ಮರಣಾನಂತರ ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನನು ಕುಟುಂಬದ ಆಸ್ತಿಯನ್ನು ಕಸಿದುಕೊಂಡು, ಹೆಚ್ಚಿನ ಹಣಕ್ಕಾಗಿ ಮಕ್ಕಳಾದ ಶಹಬಾಜ್ ಮತ್ತು ಹೈದರ್ ಅವರನ್ನು ಹಿಂಸೆಗೆ ಗುರಿಪಡಿಸಿದನೆಂದು ಚರಿತ್ರಕಾರರು ದಾಖಲಿಸಿದ್ದಾರೆ. ತಂದೆಯನ್ನು ಕಳೆದುಕೊಂಡು ಬಡತನದಲ್ಲಿ ಬೆಳೆದ ಹೈದರ್ ಅಲಿ ಅವರಿಗೆ ಓದುಬರಹ ಕಲಿಯುವ ಅವಕಾಶ ಒದಗಲಿಲ್ಲ. ಹಲವು ಭಾಷೆಗಳಲ್ಲಿ ಮಾತನಾಡಬಲ್ಲವರಾಗಿದ್ದ ಅವರು ಕಡತಗಳಿಗೆ ತಮ್ಮ ಹೆಸರಿನ ಮೊದಲಕ್ಷರವನ್ನಷ್ಟೇ ಬರೆದು ಸಹಿ ಮಾಡುತ್ತಿದ್ದರು. ಪತ್ರಗಳನ್ನು ಓದಿಸಿ ಕೇಳುವುದು, ಉತ್ತರವನ್ನು ಬಾಯಿಯಲ್ಲಿ ಹೇಳಿ ಬರೆಯಿಸುವುದು ಅವರ ಪದ್ಧತಿಯಾಗಿತ್ತು.

1749ರಲ್ಲಿ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನವರು ದೇವನಹಳ್ಳಿ ಕೋಟೆಯನ್ನು ಮುತ್ತಿ ವಶಪಡಿಸಿಕೊಂಡಾಗ ಹೈದರ್ ಅಲಿ ಅವರು ಪರಾಕ್ರಮವನ್ನು ಮೆರೆದು ಪ್ರಾಮುಖ್ಯಕ್ಕೆ ಬಂದರು. ಮರುವರ್ಷ, ಅಂದರೆ 1750ರಲ್ಲಿ, ಅದೇ ಊರಿನಲ್ಲಿ ಟಿಪ್ಪು ಜನಿಸಿದರೆಂದು ಬಹುತೇಕ ಚರಿತ್ರೆಗಳು ತಿಳಿಸುತ್ತವೆ. ತಾಯಿ ಫಾತಿಮಾ ಫಖ್ರುನ್ನಿಸಾ ಅವರು ಕಡಪದ ಕಿಲ್ಲೇದಾರರಾಗಿದ್ದ ಮೀರ್ ಮುಈನುದ್ದೀನರ ಮಗಳು. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಸ್ಮರಣೆಯಲ್ಲಿ ಮಗುವಿಗೆ ಈ ಹೆಸರನ್ನು ಇಡಲಾಯಿತು.

ವಿದ್ಯಾಭ್ಯಾಸ

ತಾವು ಅಕ್ಷರ ಕಲಿಯದ ಕೊರತೆಯು ಮಗನಿಗೆ ಬಾರದಿರಲೆಂದು ಹೈದರ್ ಅಲಿ ಅವರು ಉಪಾಧ್ಯಾಯರನ್ನು ನೇಮಿಸಿದರು. ಕುರ್‌ಆನ್ ಪಠಣ, ಇಸ್ಲಾಮಿ ಧರ್ಮಶಾಸ್ತ್ರ, ಅರಬ್ಬಿ, ಪಾರಸಿ, ಉರ್ದು ಮತ್ತು ಕನ್ನಡ ಭಾಷೆಗಳು ಪಾಠಕ್ರಮದಲ್ಲಿದ್ದವು. ಕುದುರೆ ಸವಾರಿ ಹಾಗೂ ಶಸ್ತ್ರವಿದ್ಯೆಯನ್ನು ಘಾಜಿ ಖಾನರು ಕಲಿಸಿದರು.

ಆ ಕಾಲದ ಶಿಕ್ಷಣಕ್ರಮವನ್ನು ಇಲ್ಲಿ ವಿವರಿಸುವುದು ಅವಶ್ಯವಾಗಿದೆ. ಮಗುವು ಮಕ್ತಬಿನಲ್ಲಿ ಮೊದಲು ಅರಬ್ಬಿ ಅಕ್ಷರಗಳನ್ನು ಕಲಿತು, ಅರ್ಥ ತಿಳಿಯದಿದ್ದರೂ ಕುರ್‌ಆನನ್ನು ತಪ್ಪಿಲ್ಲದೆ ಓದುವ ಅಭ್ಯಾಸ ಮಾಡುತ್ತಿತ್ತು. ಅನಂತರ ಪಾರಸಿಯ ಗದ್ಯಪದ್ಯಗಳ ಪಾಠ. ಅದು ಮುಗಿದ ಮೇಲೆಯೇ ಅರಬ್ಬಿ ವ್ಯಾಕರಣ. ಪದರೂಪಗಳ ಶಾಸ್ತ್ರವಾದ ಸರ್ಫ್ ಮತ್ತು ವಾಕ್ಯರಚನೆಯ ಶಾಸ್ತ್ರವಾದ ನಹ್ವ್ ಇವೆರಡರಲ್ಲಿ ಪಳಗಿದವರಿಗೆ ಮಾತ್ರ ಧರ್ಮಶಾಸ್ತ್ರ, ಹದೀಸ್ ಮತ್ತು ಕುರ್‌ಆನ್ ವ್ಯಾಖ್ಯಾನಗಳ ಪ್ರವೇಶ ದೊರೆಯುತ್ತಿತ್ತು. ಲಕ್ನೋದ ಫಿರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನರು ರೂಪಿಸಿದ ದರ್ಸೆ ನಿಜಾಮಿ ಎಂಬ ಪಾಠಕ್ರಮವು ಹದಿನೆಂಟನೆಯ ಶತಮಾನದಲ್ಲಿಯೇ ಉತ್ತರ ಭಾರತದಲ್ಲಿ ಪ್ರಚಾರಕ್ಕೆ ಬಂದಿತು. ಮುಂದೆ ದಕ್ಷಿಣದ ಮದರಸಾಗಳೂ ಇದನ್ನು ಅನುಸರಿಸಿದವು.

ಕನ್ನಡ ಅಥವಾ ದಖನಿ ಮಾತನಾಡುವ ಮಗುವಿಗೆ ಅರಬ್ಬಿಯಲ್ಲಿ ಎದುರಾಗುವ ತೊಡಕುಗಳು ಹಲವು. ನಮ್ಮ ಕಿವಿಗೆ ಒಂದೇ ಸಕಾರವಾಗಿ ಕೇಳುವ ಧ್ವನಿಗೆ ಅರಬ್ಬಿಯಲ್ಲಿ ಮೂರು ಬೇರೆ ಬೇರೆ ಅಕ್ಷರಗಳಿದ್ದು, ಅಕ್ಷರ ಬದಲಾದರೆ ಅರ್ಥವೂ ಬದಲಾಗುತ್ತದೆ. ಸಾಮಾನ್ಯ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಗುರುತಿಸುವುದಿಲ್ಲವಾದ್ದರಿಂದ, ವ್ಯಾಕರಣ ತಿಳಿಯದವರು ಪದವನ್ನು ಸರಿಯಾಗಿ ಉಚ್ಚರಿಸಲಾರರು. ಬಹುತೇಕ ಪದಗಳು ಮೂರು ವ್ಯಂಜನಗಳ ಮೂಲದಿಂದ ಹುಟ್ಟುತ್ತವೆ. ಕ, ತ, ಬ ಎಂಬ ಮೂಲದಿಂದ ಪುಸ್ತಕವೆಂಬ ಅರ್ಥದ ಕಿತಾಬ್, ಬರೆಯುವವನೆಂಬ ಅರ್ಥದ ಕಾತಿಬ್, ಪಾಠಶಾಲೆಯೆಂಬ ಅರ್ಥದ ಮಕ್ತಬ್ ಎಂಬ ಪದಗಳು ಬಂದಿವೆ. ಈ ಮೂಲವನ್ನು ಗುರುತಿಸಲು ಬಾರದವರಿಗೆ ಮೂಲಾನುಸಾರವಾಗಿ ಜೋಡಿಸಿದ ನಿಘಂಟಿನಲ್ಲಿ ಪದವನ್ನು ಹುಡುಕುವುದೂ ಕಷ್ಟ. ಇದರ ಮೇಲೆ, ಪಾಠವು ಪಾರಸಿಯಲ್ಲಿ, ವಿವರಣೆಯು ದಖನಿಯಲ್ಲಿ ನಡೆಯುತ್ತಿದ್ದುದರಿಂದ ವಿದ್ಯಾರ್ಥಿಯು ಒಂದು ಭಾಷೆಗಾಗಿ ಮೂರು ಭಾಷೆಗಳ ಹೊರೆಯನ್ನು ಹೊರಬೇಕಾಗುತ್ತಿತ್ತು.

ಟಿಪ್ಪು ಅವರ ಬಾಲ್ಯವು ಶಾಂತವಾಗಿಯೂ ಇರಲಿಲ್ಲ. 1760ರಲ್ಲಿ ಖಂಡೇರಾಯನ ದಂಗೆಯಿಂದಾಗಿ ಹೈದರ್ ಅಲಿ ಅವರು ಕುಟುಂಬವನ್ನು ಶ್ರೀರಂಗಪಟ್ಟಣದಲ್ಲಿಯೇ ಬಿಟ್ಟು ಪಾರಾಗಬೇಕಾಯಿತು. ಇನ್ನೂ ಹತ್ತು ತುಂಬಿರದ ಟಿಪ್ಪು ವಿರೋಧಿಗಳ ವಶದಲ್ಲಿ ಉಳಿದರು. 1761ರಲ್ಲಿ ಹೈದರ್ ಅಲಿ ಅವರು ಅಧಿಕಾರವನ್ನು ಮರಳಿ ಪಡೆದರು. ಹದಿನೈದು ವರ್ಷ ದಾಟುವಷ್ಟರಲ್ಲಿ ಟಿಪ್ಪು ಅವರು ತಂದೆಯೊಡನೆ ದಂಡಯಾತ್ರೆಗಳಲ್ಲಿ ಪಾಲ್ಗೊಳ್ಳತೊಡಗಿದರು. ಕ್ರಮಬದ್ಧವಾದ ವಿದ್ಯಾಭ್ಯಾಸವು ಅಲ್ಲಿಗೆ ನಿಂತರೂ ಓದಿನ ಅಭ್ಯಾಸವು ಕೊನೆಯವರೆಗೂ ಉಳಿಯಿತು.

ಆಡಳಿತದಲ್ಲಿ ವಿದ್ಯೆಯ ಬಳಕೆ

1782ರ ಡಿಸೆಂಬರ್ 7ರಂದು ಹೈದರ್ ಅಲಿ ಅವರು ಚಿತ್ತೂರಿನ ಸಮೀಪದ ದಂಡಿನ ಪಾಳೆಯದಲ್ಲಿ ನಿಧನರಾದರು. ಅಧಿಕಾರಕ್ಕೆ ಬಂದ ಟಿಪ್ಪು ಅವರು 1784ರಲ್ಲಿ ಮಂಗಳೂರು ಒಪ್ಪಂದದ ಮೂಲಕ ಎರಡನೆಯ ಆಂಗ್ಲ-ಮೈಸೂರು ಯುದ್ಧವನ್ನು ಮುಗಿಸಿದರು. ಅನಂತರ ಆಡಳಿತದಲ್ಲಿ ಹಲವು ಬದಲಾವಣೆಗಳನ್ನು ತಂದರು. ಅವುಗಳಲ್ಲಿ ಅವರ ಓದಿನ ಪ್ರಭಾವವು ಸ್ಪಷ್ಟವಾಗಿ ಕಂಡುಬರುತ್ತದೆ.

ಅರಬ್ಬಿಯ ಅಬ್ಜದ್ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿರುತ್ತದೆ. ಟಿಪ್ಪು ಅವರು ತಮ್ಮ ಪಂಚಾಂಗದ ತಿಂಗಳುಗಳಿಗೆ ಈ ಕ್ರಮದಲ್ಲಿ ಅಹ್ಮದಿ, ಬಹಾರಿ, ಜಾಫರಿ, ದಾರಾಯಿ, ಹಾಷಿಮಿ ಎಂದು ಹೆಸರಿಟ್ಟರು. ಮೊದಲಕ್ಷರವನ್ನು ನೋಡಿದೊಡನೆ ಅದು ಎಷ್ಟನೆಯ ತಿಂಗಳೆಂಬುದು ತಿಳಿಯುವಂತೆ ಈ ವ್ಯವಸ್ಥೆ ಇತ್ತು. ಮುಂದೆ ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದಾಗ ಅಕ್ಷರಗಳ ಸಂಖ್ಯೆಗಳನ್ನು ಸಾಮಾನ್ಯ ವರ್ಣಮಾಲೆಯ ಕ್ರಮಕ್ಕೆ ಬದಲಾಯಿಸಲಾಯಿತು. ನಾಣ್ಯಗಳಿಗೂ ಅಹ್ಮದಿ, ಸಿದ್ದೀಕಿ, ಫಾರೂಕಿ, ಹೈದರಿ, ಇಮಾಮಿ ಎಂಬ ಹೆಸರುಗಳು ಬಂದವು. ದೇವನಹಳ್ಳಿಗೆ ಯೂಸುಫಾಬಾದ್ ಎಂಬ ಹೆಸರನ್ನು ನೀಡಲಾಯಿತಾದರೂ ಜನಬಳಕೆಯಲ್ಲಿ ಹಳೆಯ ಹೆಸರೇ ಉಳಿಯಿತು.

ಟಿಪ್ಪು ಅವರ ಆಶ್ರಯದಲ್ಲಿ ಹೊಸ ಗ್ರಂಥಗಳೂ ರಚನೆಯಾದವು. ಜೈನುಲ್ ಆಬಿದೀನ್ ಶೂಷ್ತರಿ ಅವರು ಸೈನ್ಯದ ನಿಯಮಗಳನ್ನು ತಿಳಿಸುವ ಫತುಲ್ ಮುಜಾಹಿದೀನ್ ಎಂಬ ಪಾರಸಿ ಗ್ರಂಥವನ್ನು ರಚಿಸಿದರು. ಶುಕ್ರವಾರದ ಪ್ರವಚನಗಳನ್ನು ಪಾರಸಿ ಪದ್ಯದಲ್ಲಿ ನೀಡುವ ಗ್ರಂಥವೊಂದು ಸಹ ಸಿದ್ಧವಾಯಿತು. ಅರಬ್ಬಿಯಲ್ಲಿ ನಡೆಯುವ ಪ್ರವಚನವು ಕೇಳುಗರಿಗೆ ಅರ್ಥವಾಗುವುದಿಲ್ಲವೆಂಬ ಸಮಸ್ಯೆಯು ಅಂದೂ ಇದ್ದಿತೆಂಬುದು ಇಂತಹ ರಚನೆಗಳಿಂದ ತಿಳಿದುಬರುತ್ತದೆ. ಟಿಪ್ಪು ಅವರು ತಮ್ಮ 37 ಕನಸುಗಳನ್ನು ಸ್ವಹಸ್ತದಿಂದ ಬರೆದಿಟ್ಟಿರುವುದು ಸಹ ಪಾರಸಿಯಲ್ಲಿಯೇ. ಶೃಂಗೇರಿ ಮಠದ ಸ್ವಾಮಿಗಳಿಗೆ ಬರೆಯಿಸಿದ ಪತ್ರಗಳು ಮಾತ್ರ ಕನ್ನಡದಲ್ಲಿದ್ದು, ಅವುಗಳನ್ನು 1916ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ ಅವರು ಬೆಳಕಿಗೆ ತಂದರು. ಪೂಜೆ ಪಠಣಗಳಿಗೆ ಅರಬ್ಬಿ, ದರ್ಬಾರಿಗೆ ಪಾರಸಿ, ಮನೆಗೆ ದಖನಿ, ನಾಡಿಗೆ ಕನ್ನಡ ಎಂಬ ವಿಂಗಡಣೆಯು ಆ ಕಾಲದ ಸ್ಥಿತಿಯಾಗಿತ್ತು.

ಈ ಅರಸರ ಧಾರ್ಮಿಕ ನೀತಿಯ ಕುರಿತು ಚರಿತ್ರಕಾರರಲ್ಲಿ ಏಕಾಭಿಪ್ರಾಯವಿಲ್ಲ. ಕೊಡಗು ಮತ್ತು ಮಲಬಾರಿನ ದಂಡಯಾತ್ರೆಗಳಲ್ಲಿ ನಡೆದ ಬಲವಂತದ ಮತಾಂತರಗಳು ಹಾಗೂ 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಘಟನೆಯು ದಾಖಲಾಗಿರುವಂತೆಯೇ, ದೇವಸ್ಥಾನ ಮತ್ತು ಮಠಗಳಿಗೆ ನೀಡಿದ ದತ್ತಿಗಳೂ ದಾಖಲಾಗಿವೆ.

ಗ್ರಂಥಭಂಡಾರ

1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ಅವರು ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳಾಗಿ ಇಂಗ್ಲಿಷರಿಗೆ ಒಪ್ಪಿಸಬೇಕಾಯಿತು. ಮದರಾಸಿನಲ್ಲಿದ್ದ ಆ ಮಕ್ಕಳನ್ನು 1794ರಲ್ಲಿ ತಂದೆಗೆ ಮರಳಿ ಒಪ್ಪಿಸಿದ ಸ್ಥಳವು ದೇವನಹಳ್ಳಿಯೇ ಆಗಿದೆ. ಐದು ವರ್ಷಗಳ ನಂತರ, 1799ರ ಮೇ 4ರಂದು, ಟಿಪ್ಪು ಅವರು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತ ಮಡಿದರು. ಅವರನ್ನು ತಂದೆತಾಯಿಗಳ ಸಮಾಧಿಯ ಬಳಿ ಗುಂಬಜಿನಲ್ಲಿ ಸಮಾಧಿ ಮಾಡಲಾಯಿತು.

ಕೋಟೆಯು ಬಿದ್ದ ಮೇಲೆ ಅರಮನೆಯಲ್ಲಿ ಸುಮಾರು 2000 ಹಸ್ತಪ್ರತಿ ಸಂಪುಟಗಳು ದೊರೆತವು. ಹಲವು ಸಂಪುಟಗಳಿಗೆ ಶ್ರೀರಂಗಪಟ್ಟಣದಲ್ಲಿಯೇ ಹೊಸದಾಗಿ ಚರ್ಮದ ರಟ್ಟು ಕಟ್ಟಿಸಲಾಗಿತ್ತು. ರಟ್ಟಿನ ನಡುವೆ ದೇವರ, ಪ್ರವಾದಿಯವರ ಹಾಗೂ ಅವರ ಕುಟುಂಬದವರ ಹೆಸರುಗಳನ್ನೂ, ನಾಲ್ಕು ಮೂಲೆಗಳಲ್ಲಿ ಮೊದಲ ನಾಲ್ವರು ಖಲೀಫರ ಹೆಸರುಗಳನ್ನೂ ಅಚ್ಚೊತ್ತಲಾಗಿತ್ತು. ಪುಸ್ತಕ ಕಟ್ಟುವ ಈ ಕುಶಲಕರ್ಮವು ಮೈಸೂರು ಸೀಮೆಯದೇ ಆಗಿರುವುದು ಗಮನಾರ್ಹ.

ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾರಸಿ ಬೋಧಿಸುತ್ತಿದ್ದ ಚಾರ್ಲ್ಸ್ ಸ್ಟೀವರ್ಟ್ ಅವರು ಸಿದ್ಧಪಡಿಸಿದ ಈ ಭಂಡಾರದ ವಿವರಣಾತ್ಮಕ ಸೂಚಿಯು 1809ರಲ್ಲಿ ಕೇಂಬ್ರಿಡ್ಜಿನಲ್ಲಿ ಮುದ್ರಣವಾಯಿತು. ಅದರಂತೆ ಕುರ್‌ಆನ್ ಪ್ರತಿಗಳು 44, ಕುರ್‌ಆನ್ ವ್ಯಾಖ್ಯಾನಗಳು 41, ಸೂಫಿ ಗ್ರಂಥಗಳು 115, ಧರ್ಮಶಾಸ್ತ್ರದ ಗ್ರಂಥಗಳು 95, ಚರಿತ್ರೆಗಳು 118 ಮತ್ತು ಕಾವ್ಯಗಳು 190 ಇದ್ದವು. ಭಾಷಾಶಾಸ್ತ್ರದ 45 ಹಾಗೂ ನಿಘಂಟುಗಳ 29 ಗ್ರಂಥಗಳು ಇದ್ದುದು ಈ ಲೇಖನದ ವಿಷಯಕ್ಕೆ ಹೆಚ್ಚು ಸಂಬಂಧಿಸಿದೆ. ಓದುಗರು ಅರಬ್ಬಿಯನ್ನು ಹುಟ್ಟಿನಿಂದ ಬಲ್ಲವರಲ್ಲ, ಶ್ರಮದಿಂದ ಕಲಿತವರು ಎಂಬುದಕ್ಕೆ ಇವು ಸಾಕ್ಷಿ.

ಈ ಗ್ರಂಥಗಳೆಲ್ಲವೂ ಕೊಂಡು ತಂದವುಗಳಲ್ಲ. ಸವಣೂರು, ಕಡಪ ಮತ್ತು ಕರ್ನಾಟಿಕ್ ಪ್ರಾಂತ್ಯಗಳ ಮೇಲಿನ ದಂಡಯಾತ್ರೆಗಳಲ್ಲಿ ವಶಪಡಿಸಿಕೊಂಡ ಗ್ರಂಥಗಳೇ ಹೆಚ್ಚೆಂದು ಸ್ಟೀವರ್ಟ್ ತಿಳಿಸಿದ್ದಾರೆ. ಕೆಲವು ಸಂಪುಟಗಳಲ್ಲಿ ಬಿಜಾಪುರ ಮತ್ತು ಗೋಲ್ಕೊಂಡದ ಸುಲ್ತಾನರ ಮುದ್ರೆಗಳಿವೆ. ಒಂದು ಅರಮನೆ ಅಳಿದಾಗ ಅದರ ಪುಸ್ತಕಗಳು ಇನ್ನೊಂದು ಅರಮನೆಗೆ ಸೇರುತ್ತಿದ್ದವು. ಆದರೂ ಅವು ಈ ನಾಡಿನೊಳಗೆ, ಓದಬಲ್ಲ ಮೌಲ್ವಿ ಮತ್ತು ಮುನ್ಷಿಗಳ ಕೈಗೆಟುಕುವಂತೆ ಇದ್ದವು. 1799ರ ನಂತರ ಈ ಸ್ಥಿತಿಯು ಬದಲಾಯಿತು.

ಗ್ರಂಥಗಳ ವಲಸೆ

ಗೆದ್ದ ಸೈನ್ಯವು ಗ್ರಂಥಭಂಡಾರವನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿತು. ಕೆಲವು ಸಂಪುಟಗಳನ್ನು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳಿಗೂ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಗೂ ಕಾಣಿಕೆಯಾಗಿ ನೀಡಲಾಯಿತು. ಉಳಿದವುಗಳಲ್ಲಿ ಬಹುಭಾಗವು ಫೋರ್ಟ್ ವಿಲಿಯಂ ಕಾಲೇಜಿಗೆ ಸೇರಿತು. ಗವರ್ನರ್ ಜನರಲ್ ವೆಲ್ಲೆಸ್ಲಿ ಅವರು ಆ ಕಾಲೇಜಿನ ಸ್ಥಾಪನಾ ದಿನವನ್ನು 1800ರ ಮೇ 4 ಎಂದು, ಅಂದರೆ ಶ್ರೀರಂಗಪಟ್ಟಣ ಪತನದ ಮೊದಲ ವಾರ್ಷಿಕ ದಿನವೆಂದು ಗೊತ್ತುಪಡಿಸಿದರು. ಅಲ್ಲಿ ಕಂಪನಿಯ ಯುವ ಅಧಿಕಾರಿಗಳು ಭಾರತದ ಭಾಷೆಗಳನ್ನು ಕಲಿತರು. ಮುಂದೆ 1837ರಲ್ಲಿ ಕಾಲೇಜಿನ ಹಸ್ತಪ್ರತಿಗಳಲ್ಲಿ ಒಂದು ಭಾಗವು ಲಂಡನ್ನಿಗೆ ಹೋಯಿತು. ಇನ್ನೊಂದು ಭಾಗವು ಏಷ್ಯಾಟಿಕ್ ಸೊಸೈಟಿಗೆ ಸೇರಿತು. ಲಂಡನ್ನಿಗೆ ಹೋದವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಟಿಪ್ಪು ಅವರ ಕನಸುಗಳ ಪುಸ್ತಕವೂ ಅಲ್ಲಿಯೇ ಇದೆ. ಬಿಜಾಪುರದ ಅಸಾರ್ ಮಹಲಿನಲ್ಲಿ ಉಳಿದಿದ್ದ ಅರಬ್ಬಿ ಹಸ್ತಪ್ರತಿಗಳು ಸಹ 1853ರಲ್ಲಿ ಲಂಡನ್ನಿಗೆ ತಲುಪಿದವು.

ಇದರ ಪರಿಣಾಮವಾಗಿ, ಕನ್ನಡ ನಾಡಿನ ಅರಬ್ಬಿ ಮತ್ತು ಪಾರಸಿ ವಿದ್ಯೆಯ ಚರಿತ್ರೆಯನ್ನು ಬರೆಯಬಯಸುವ ಸಂಶೋಧಕರು ಮೂಲ ಆಧಾರಗಳಿಗಾಗಿ ಕೋಲ್ಕತ್ತ ಅಥವಾ ಲಂಡನ್ನಿಗೆ ಹೋಗಬೇಕಾದ ಸ್ಥಿತಿಯು ಎರಡು ಶತಮಾನಗಳಿಂದ ಇರುತ್ತದೆ. ಬ್ರಿಟಿಷ್ ಲೈಬ್ರರಿಯ ಉರ್ಸುಲಾ ಸಿಮ್ಸ್-ವಿಲಿಯಮ್ಸ್ ಅವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುದ್ರೆ, ರಟ್ಟು ಮತ್ತು ಬರಹಗಳ ಆಧಾರದಿಂದ ಈ ಸಂಪುಟಗಳ ಹಿಂದಿನ ಒಡೆತನವನ್ನು ಗುರುತಿಸುವ ಕಾರ್ಯವು ನಡೆದಿದೆ. ಅರಬ್ಬಿ ಮತ್ತು ಪಾರಸಿಯ ಜೊತೆಗೆ ಕನ್ನಡ ನಾಡಿನ ಸ್ಥಳಚರಿತ್ರೆಯನ್ನೂ ಬಲ್ಲ ಸಂಶೋಧಕರ ಅವಶ್ಯಕತೆಯು ಈ ಕ್ಷೇತ್ರದಲ್ಲಿ ಹೆಚ್ಚಾಗಿದೆ.

ನಂತರದ ಕಾಲ

ಟಿಪ್ಪು ಅವರ ಕುಟುಂಬವನ್ನು ವೆಲ್ಲೂರಿಗೂ, 1806ರ ವೆಲ್ಲೂರು ದಂಗೆಯ ನಂತರ ಕಲ್ಕತ್ತಾಕ್ಕೂ ಸಾಗಿಸಲಾಯಿತು. ರಾಜಾಶ್ರಯವು ತಪ್ಪಿದ ಮೇಲೆ ಅರಬ್ಬಿ ಶಿಕ್ಷಣವು ಮಸೀದಿ, ದರ್ಗಾ ಮತ್ತು ಮನೆಗಳನ್ನು ಆಶ್ರಯಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ವೆಲ್ಲೂರಿನಲ್ಲಿ ಬಾಕಿಯಾತುಸ್ ಸಾಲಿಹಾತ್ ಮದರಸಾ ಆರಂಭವಾಗಿ ದಕ್ಷಿಣ ಭಾರತದ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣದ ಕೇಂದ್ರವಾಯಿತು. 1960ರಲ್ಲಿ ಬೆಂಗಳೂರಿನಲ್ಲಿ ದಾರುಲ್ ಉಲೂಮ್ ಸಬೀಲುರ್ ರಷಾದ್ ಸ್ಥಾಪನೆಯಾಯಿತು. ಅದರ ಸುತ್ತಲಿನ ಪ್ರದೇಶವು ಅರೇಬಿಕ್ ಕಾಲೇಜು ಎಂಬ ಹೆಸರಿನಿಂದಲೇ ಪರಿಚಿತವಾಗಿದೆ.

ಪಾರಸಿಯ ಸ್ಥಾನವನ್ನು ಕ್ರಮೇಣ ಉರ್ದು ಪಡೆಯಿತು. ಆದರೆ ಮೂಲ ತೊಡಕು ಇಂದಿಗೂ ಹಾಗೆಯೇ ಇದೆ. ಕುರ್‌ಆನನ್ನು ಓದಬಲ್ಲ ಮಕ್ಕಳು ಅನೇಕರಿದ್ದರೂ ಅದರ ಭಾಷೆಯನ್ನು ಅರಿತವರು ವಿರಳ. ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಉರ್ದುವಿನ ಮೂಲಕ ಅರಬ್ಬಿ ಕಲಿಸುವುದು ಅದೇ ಹಳೆಯ ಹೊರೆಯನ್ನು ಮತ್ತೆ ಹೊರಿಸಿದಂತಾಗುತ್ತದೆ. ಆದುದರಿಂದ ಕನ್ನಡದ ಮೂಲಕವೇ ಅರಬ್ಬಿ ವ್ಯಾಕರಣವನ್ನು ಕಲಿಸುವ ಪಠ್ಯಗಳು ಹಾಗೂ ಕನ್ನಡ ವಿವರಣೆಯುಳ್ಳ ನಿಘಂಟುಗಳು ಈ ಕ್ಷೇತ್ರದ ಮುಖ್ಯ ಅಗತ್ಯಗಳಾಗಿವೆ. ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ತೃತೀಯ ಭಾಷೆಗಳಲ್ಲಿ ಅರೇಬಿಕ್ ಸಹ ಸೇರಿದೆ.

ಸಾರ್ವಜನಿಕರ ಗಮನಕ್ಕೆ

ದೇವನಹಳ್ಳಿಯ ಕೋಟೆ ಹಾಗೂ ಕೋಟೆಯ ಸಮೀಪದಲ್ಲಿರುವ ಟಿಪ್ಪು ಸುಲ್ತಾನರ ಜನ್ಮಸ್ಥಳದ ಸ್ಮಾರಕವು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಣೆಯಲ್ಲಿವೆ. ಬೆಂಗಳೂರಿನಿಂದ ಸುಮಾರು 35 ಕಿ.ಮೀ. ದೂರದಲ್ಲಿರುವ ಈ ಸ್ಥಳಗಳಿಗೆ ಭೇಟಿ ನೀಡುವವರು ಕಲ್ಲುಗಳ ಮೇಲೆ ಬರೆಯುವುದಾಗಲಿ, ಆವರಣವನ್ನು ಮಲಿನಗೊಳಿಸುವುದಾಗಲಿ ಮಾಡಬಾರದು.

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಮಸೀದಿ, ದರ್ಗಾ, ಮಠ ಅಥವಾ ಮನೆಗಳಲ್ಲಿ ಹಳೆಯ ಹಸ್ತಪ್ರತಿಗಳಿದ್ದಲ್ಲಿ ಅವುಗಳನ್ನು ಕಾಪಾಡುವುದು ಎಲ್ಲರ ಕರ್ತವ್ಯವಾಗಿರುತ್ತದೆ. ಓದಲು ಬಾರದ ಲಿಪಿಯಲ್ಲಿವೆ ಎಂಬ ಕಾರಣಕ್ಕೆ ಅವುಗಳನ್ನು ನೀರಿಗೆ ಬಿಡುವುದು, ಹೂಳುವುದು ಅಥವಾ ಗುಜರಿಗೆ ಹಾಕುವುದು ಸರಿಯಲ್ಲ. ತೇವ, ಗೆದ್ದಲು ಮತ್ತು ಬಿಸಿಲು ತಾಗದಂತೆ ಹತ್ತಿಬಟ್ಟೆಯಲ್ಲಿ ಸುತ್ತಿ, ನೆಲದಿಂದ ಮೇಲೆ ಇಡತಕ್ಕದ್ದು. ಹರಿದ ಹಾಳೆಗಳಿಗೆ ಅಂಟುಪಟ್ಟಿ ಹಚ್ಚಬಾರದು. ಹಾಳೆಗಳ ಕ್ರಮವನ್ನು ಬದಲಿಸಬಾರದು. ಯಾರದು, ಯಾವ ಊರಿನದು ಎಂಬ ಮಾಹಿತಿಯನ್ನು ಬೇರೆ ಚೀಟಿಯಲ್ಲಿ ಬರೆದು ಜೊತೆಗಿರಿಸಬೇಕು.

1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದಂತೆ, ಚಾರಿತ್ರಿಕ, ಸಾಹಿತ್ಯಕ ಅಥವಾ ವೈಜ್ಞಾನಿಕ ಮೌಲ್ಯವುಳ್ಳ ಹಾಗೂ 75 ವರ್ಷಗಳಿಗಿಂತ ಕಡಿಮೆಯಿಲ್ಲದಷ್ಟು ಹಳೆಯದಾದ ಹಸ್ತಪ್ರತಿಯು ಪ್ರಾಚೀನ ವಸ್ತುವೆನಿಸುತ್ತದೆ. ಖಾಸಗಿ ವ್ಯಕ್ತಿಗಳು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಗಾಗಿ ಕೇಂದ್ರ ಸರ್ಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರಲ್ಲಿ ಜ್ಞಾನ ಭಾರತಂ ಎಂಬ ಹೆಸರಿನ ಯೋಜನೆಯನ್ನು ಪ್ರಕಟಿಸಿತು. ಹಸ್ತಪ್ರತಿಯ ವಿವರಗಳನ್ನು ನೋಂದಾಯಿಸಿದರೂ ಅದರ ಒಡೆತನವು ಮಾಲೀಕರಲ್ಲಿಯೇ ಉಳಿಯುತ್ತದೆ.

ಶ್ರೀರಂಗಪಟ್ಟಣದ ಭಂಡಾರವು ಮರಳಿ ಬಾರದಿದ್ದರೂ, ಈ ಜಿಲ್ಲೆಯ ಮನೆಗಳಲ್ಲಿ ಉಳಿದಿರುವ ಒಂದೊಂದು ಹಾಳೆಯೂ ಮುಂದಿನ ಸಂಶೋಧಕರಿಗೆ ಆಧಾರವಾಗಬಲ್ಲದು. ಸಾರ್ವಜನಿಕರು ಈ ನಿಟ್ಟಿನಲ್ಲಿ ಸಹಕರಿಸಬೇಕಾಗಿ ಕೋರಲಾಗಿದೆ.